ಚಪಡನ ಸಹಿಯೂ ನಮ್ಮ ಮಕ್ಕಳ ಚಿತ್ರವೂ



2022ರ ಸೆಪ್ಟೆಂಬರ್ ತಿಂಗಳ ಮೊದಲ ವಾರ. ಹಿರಿಯೂರಿನ ವಾಣಿವಿಲಾಸ ಸಾಗರ, ನಮ್ಮೆಲ್ಲರ ಬಾಯಲ್ಲಿ ಮಾರಿಕಣಿವೆ, ಕೋಡಿ ಬಿದ್ದಿತ್ತು. 1933ರ ನಂತರ 89 ವರ್ಷಗಳಿಗೆ ಒದಗಿದ ಯೋಗ ಅದು. ಚಿತ್ರದುರ್ಗ, ಹೊಸದುರ್ಗ, ಹೊಳಲ್ಕೆರೆ ಕಡೆಗಳಿಂದಲೂ ಜನ ಸಾಲುಗಟ್ಟಿ ಬಂದು ನೋಡಿಹೋದರು. ಆ ದಿನಗಳಲ್ಲಿಯೇ ಒಂದು ರಾತ್ರಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಕರೆ ಬಂದಿತು. ಕುಶಲ ವಿಚಾರಿಸಿದ ಮೇಲೆ ಕೇಳಿದಳು: “ಸಾರ್, ಒಂಬತ್ತನೇ ಕ್ಲಾಸ್‌ನಲ್ಲಿ ನಾವು ಮಾಡಿದ್ವಲ್ಲ, ಮಾರಿಕಣಿವೆ ಚಿತ್ರ, ಅದು ನಿಮ್ಮ ಹತ್ರ ಇದೆಯಾ? ನಮ್ಮಜ್ಜನ ಮಾತು ಅದರಲ್ಲಿತ್ತು ಸಾರ್.”

ನನ್ನ ಬಳಿ ಅದು ಇರಲಿಲ್ಲ. ಯಾರ ಬಳಿಯೂ ಇರಲಿಲ್ಲ.

ಆ ಉತ್ತರವನ್ನು ಹೇಳಿದ ಮೇಲೆ ಬಹಳ ದಿನ ಮನಸ್ಸಿಗೆ ನೆಮ್ಮದಿ ಇರಲಿಲ್ಲ. ಚಿತ್ರ, ಧ್ವನಿ, ಅಕ್ಷರಗಳನ್ನು ಒಟ್ಟುಗೂಡಿಸಿ ಗಣಕಯಂತ್ರದಲ್ಲಿ ಕಥೆ ಹೇಳುವ ವಿದ್ಯೆಯನ್ನು ನಮ್ಮ ಜಿಲ್ಲೆಯ ಮಕ್ಕಳೂ ಅವರೊಡನೆ ನನ್ನಂತಹ ಮೇಷ್ಟ್ರುಗಳೂ ಕಲಿತದ್ದು ಹೇಗೆ, ಕಲಿಯುವಾಗ ನಾವು ಬಿಟ್ಟ ಪಾಠ ಯಾವುದು ಎಂಬುದನ್ನು ಬರೆದಿಡಬೇಕೆಂದು ಅಂದೇ ಅಂದುಕೊಂಡಿದ್ದೆ. ಅದಕ್ಕೆ ಈಗ ಕಾಲ ಕೂಡಿಬಂದಿದೆ.

ನಾನು ವೃತ್ತಿಗೆ ಸೇರಿದ ಕಾಲದಲ್ಲಿ ಶಾಲೆಯ ದೃಶ್ಯ-ಶ್ರವ್ಯ ಸಾಧನಗಳೆಂದರೆ ಗೋಡೆಗೆ ತೂಗುಹಾಕುವ ನಕಾಶೆ, ರಟ್ಟಿನ ಮೇಲೆ ಅಂಟಿಸಿದ ಚಿತ್ರಪಟ, ಮತ್ತು ಆಕಾಶವಾಣಿಯ ಪಾಠ. ಇವೆಲ್ಲವೂ ಮೇಷ್ಟ್ರು ತೋರಿಸುವ, ಮಕ್ಕಳು ನೋಡುವ ಅಥವಾ ಕೇಳುವ ಸಾಧನಗಳು. ಮಗು ತಾನೇ ಒಂದು ಚಿತ್ರವನ್ನು ಕಟ್ಟಿ ಅದಕ್ಕೆ ತನ್ನ ಧ್ವನಿಯನ್ನು ಸೇರಿಸಬಹುದು ಎಂಬುದು ಯಾರ ಕಲ್ಪನೆಯಲ್ಲಿಯೂ ಇರಲಿಲ್ಲ. ಅಂತಹ ಕೆಲಸಕ್ಕೆ ಸ್ಟುಡಿಯೋ ಬೇಕು, ಸಾವಿರಾರು ರೂಪಾಯಿ ಬೇಕು ಎಂದೇ ನಮ್ಮ ತಿಳುವಳಿಕೆ.

ಗಣಕಯಂತ್ರ ಬಂದ ಮೇಲೂ ಕನ್ನಡ ಮಾಧ್ಯಮದ ಮಕ್ಕಳಿಗೆ ಮೊದಲ ಅಡ್ಡಿಯಾದದ್ದು ಯಂತ್ರವಲ್ಲ, ಅಕ್ಷರ. ಎಲ್ಲ ಭಾಷೆಗಳ ಅಕ್ಷರಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಯೂನಿಕೋಡ್ ವ್ಯವಸ್ಥೆಯಲ್ಲಿ 1991ರಷ್ಟು ಹಿಂದೆಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಆದರೆ ಸಾಮಾನ್ಯ ಬಳಕೆಯ ಯಂತ್ರಗಳಲ್ಲಿ ಅದು ಕಾಣಿಸಿಕೊಂಡದ್ದು 2001ರಲ್ಲಿ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಕನ್ನಡ ಫಾಂಟಿನೊಡನೆ ಬಂದಾಗ. ಅದಕ್ಕೆ ಮೊದಲೇ, 1998ರಲ್ಲಿ, ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಬಂದಿತ್ತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದಿತು. ಕಿನ್ನಿಕಂಬಳ ಪದ್ಮನಾಭ ರಾಯರು ರೂಪಿಸಿದ ಕೀಲಿಮಣೆಯ ವಿನ್ಯಾಸದಿಂದಾಗಿ ಕನ್ನಡದ ಇಡೀ ವರ್ಣಮಾಲೆ ಸಾಧಾರಣ ಇಂಗ್ಲಿಷ್ ಕೀಲಿಮಣೆಯಲ್ಲಿಯೇ ಅಡಕವಾಯಿತು. ಈ ಮಹನೀಯರ ಋಣ ನಮ್ಮ ಮೇಲೆ ದೊಡ್ಡದು.

ಇಲ್ಲಿ ಒಂದು ಸೂಕ್ಷ್ಮವನ್ನು ತಿಳಿಸಬೇಕು. ಯೂನಿಕೋಡ್ ಬಳಕೆಗೆ ಬರುವ ಮುನ್ನಿನ ಫಾಂಟುಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕೂರಿಸುತ್ತಿದ್ದರು. ಪರದೆಯ ಮೇಲೆ ‘ಕ’ ಕಂಡರೂ ಯಂತ್ರದ ಲೆಕ್ಕದಲ್ಲಿ ಅದು ಇಂಗ್ಲಿಷಿನ ಯಾವುದೋ ಅಕ್ಷರ ಅಥವಾ ಚಿಹ್ನೆ. ಅದೇ ಫಾಂಟು ಇರುವ ಯಂತ್ರದಲ್ಲಿ ಮಾತ್ರ ಅದು ಕನ್ನಡ, ಬೇರೆ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಆ ಕಾಲದಲ್ಲಿ ನಾನು ಶ್ರಮಪಟ್ಟು ಬೆರಳಚ್ಚು ಮಾಡಿದ್ದ ಪಾಠಟಿಪ್ಪಣಿಗಳನ್ನು ನಿವೃತ್ತನಾದ ಮೇಲೆ ತೆರೆದು ನೋಡಿದಾಗ ನನ್ನ ಬರಹವನ್ನು ನಾನೇ ಓದಲಾರದವನಾದೆ. ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳಿವೆ ಎಂದು ಮಗ ತೋರಿಸಿಕೊಟ್ಟ ಮೇಲೆ ಸಮಾಧಾನವಾಯಿತು. ಆದರೆ ಚಿತ್ರದ ಒಳಗೆ ಸೇರಿಹೋದ ಅಕ್ಷರವನ್ನು ಹಾಗೆ ಪರಿವರ್ತಿಸಲು ಬಾರದು.

2001ರ ಸುಮಾರಿಗೆ ರಾಜ್ಯ ಸರ್ಕಾರದ ‘ಮಾಹಿತಿ ಸಿಂಧು’ ಯೋಜನೆಯಡಿ 1000 ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕಯಂತ್ರಗಳು ಬಂದವು. ಹಳ್ಳಿಯ ಮಕ್ಕಳು ಮೊದಲ ಬಾರಿಗೆ ಮೌಸ್ ಹಿಡಿದರು. ಆದರೆ ಯಂತ್ರದ ಭಾಗಗಳ ಹೆಸರು ಹೇಳುವುದು, ಪೇಂಟ್‌ನಲ್ಲಿ ಮನೆ-ಮರ ಬರೆಯುವುದು, ಹೆಚ್ಚೆಂದರೆ ನಾಲ್ಕು ಸ್ಲೈಡುಗಳನ್ನು ಜೋಡಿಸುವುದು, ಇಷ್ಟರಲ್ಲಿಯೇ ವರ್ಷ ಮುಗಿಯುತ್ತಿತ್ತು. ವಿದ್ಯುತ್ ಇದ್ದ ದಿನ ಬೋಧಕರಿಲ್ಲ, ಬೋಧಕರಿದ್ದ ದಿನ ವಿದ್ಯುತ್ ಇಲ್ಲ ಎಂಬ ಸ್ಥಿತಿಯನ್ನು ನಿಮ್ಮಲ್ಲಿ ಅನೇಕರು ಕಂಡವರೇ.

ಈ ನಡುವೆ ಹೊರ ಜಗತ್ತಿನಲ್ಲಿ ದೊಡ್ಡ ಬದಲಾವಣೆಯೊಂದು ನಡೆಯುತ್ತಿತ್ತು. 2000ದಲ್ಲಿ ಧ್ವನಿಯನ್ನು ಕತ್ತರಿಸಿ ಜೋಡಿಸುವ ‘ಆಡಾಸಿಟಿ’ ಎಂಬ ಉಚಿತ ತಂತ್ರಾಂಶ ಬಂದಿತು. 2005ರಲ್ಲಿ ಯೂಟ್ಯೂಬ್, 2007ರಲ್ಲಿ ಮಕ್ಕಳು ತಾವೇ ಚಲಿಸುವ ಚಿತ್ರಕಥೆಗಳನ್ನು ಕಟ್ಟಬಹುದಾದ ಎಂ.ಐ.ಟಿ.ಯ ‘ಸ್ಕ್ರ್ಯಾಚ್’. ಇವುಗಳ ಹಿಂದೆಯೇ ಯಂತ್ರಕ್ಕೆ ಏನನ್ನೂ ಅಳವಡಿಸದೆ, ಅಂತರಜಾಲದ ತಾಣದಲ್ಲಿಯೇ ಚಿತ್ರ, ಸಂಗೀತ, ಮಾತು ಸೇರಿಸಿ ಕಥೆ ಕಟ್ಟಿಕೊಡುವ ಸೇವೆಗಳು ಹುಟ್ಟಿಕೊಂಡವು. ಬಡ ಶಾಲೆಯ ಹಳೆಯ ಯಂತ್ರಕ್ಕೆ ಇವು ವರದಾನ. ಭಾರವಾದ ಕೆಲಸವನ್ನೆಲ್ಲ ಎಲ್ಲಿಯೋ ದೂರದ ಯಂತ್ರ ಮಾಡುತ್ತದೆ, ನಮ್ಮ ಯಂತ್ರ ಬರಿಯ ಕಿಟಕಿ.

ಅಂತಹ ಒಂದು ತಾಣದಲ್ಲಿಯೇ 2010ರಲ್ಲಿ ನಮ್ಮ ಮಾರಿಕಣಿವೆಯ ಚಿತ್ರ ತಯಾರಾದದ್ದು. ತಾಣದ ಹೆಸರು ಇಲ್ಲಿ ಬೇಡ, ಅದು ಈಗಿಲ್ಲ. ಶಾಲೆಯಲ್ಲಿ ಅಂತರಜಾಲ ಸಂಪರ್ಕ ಇರಲಿಲ್ಲವಾಗಿ ಶನಿವಾರ ಮಧ್ಯಾಹ್ನ ಐದು ಮಂದಿ ಮಕ್ಕಳನ್ನು ಕರೆದುಕೊಂಡು ಹಿರಿಯೂರಿನ ಸೈಬರ್ ಸೆಂಟರಿಗೆ ಹೋಗುತ್ತಿದ್ದೆ. ತಾಣದ ಬಗ್ಗೆ ನನಗೆ ತಿಳಿದಿದ್ದು ಮಕ್ಕಳಿಗಿಂತ ಹೆಚ್ಚೇನೂ ಇರಲಿಲ್ಲ. ಒಂದೇ ಬೆಂಚಿನ ವಿದ್ಯಾರ್ಥಿಗಳು ನಾವು. ಮೊದಲ ದಿನ ಒಂದು ಫೋಟೋ ಏರಿಸಲು ಹತ್ತು ನಿಮಿಷ ಹಿಡಿಯಿತು. ಎರಡನೆಯ ದಿನ ಅಷ್ಟೂ ಕೆಲಸವನ್ನು ಉಳಿಸದೆ ಕಿಟಕಿ ಮುಚ್ಚಿಬಿಟ್ಟೆವು. ಮೂರನೆಯ ವಾರಕ್ಕೆ ಒಬ್ಬ ಹುಡುಗ, ಗಣಿತದಲ್ಲಿ ಸದಾ ಹಿಂದೆ ಬೀಳುತ್ತಿದ್ದವನು, ಧ್ವನಿಯ ತರಂಗರೇಖೆಯನ್ನು ನೋಡಿಯೇ “ಸಾರ್, ಇಲ್ಲಿ ಕೆಮ್ಮು ಇದೆ, ಕತ್ತರಿಸೋಣ” ಎನ್ನುವಷ್ಟು ಪಳಗಿದ. ಪಠ್ಯಪುಸ್ತಕ ಕಲಿಸದ ಒಂದು ಏಕಾಗ್ರತೆಯನ್ನು ಆ ಕೆಲಸ ಅವನಿಗೆ ಕಲಿಸಿತು.

ಚಿತ್ರದಲ್ಲಿ ಇದ್ದದ್ದು ಹದಿನೆಂಟು ಫೋಟೋಗಳು, ನಾಲ್ಕು ನಿಮಿಷದ ಮಾತು. ವೇದಾವತಿ ನದಿಗೆ ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ಮೈಸೂರು ಅರಸರ ಆಡಳಿತ 1898ರಿಂದ 1907ರವರೆಗೆ ಕಟ್ಟಿಸಿದ ಅಣೆಕಟ್ಟು ಇದು. ಇದರ ಪೂರ್ಣ ಮಟ್ಟ 130 ಅಡಿ, ಹಿಡಿಯುವ ನೀರು ಸುಮಾರು 30 ಟಿ.ಎಂ.ಸಿ.; ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನ ಅವರ ಹೆಸರು ಇದಕ್ಕಿದೆ. ಇಷ್ಟನ್ನು ಮಕ್ಕಳು ಪುಸ್ತಕಗಳಿಂದ ತೆಗೆದು ಓದಿದರು. ಪುಸ್ತಕದಲ್ಲಿ ಇಲ್ಲದ್ದು ಒಂದೇ ಒಂದು, ಆ ಹುಡುಗಿಯ ಅಜ್ಜನ ಮಾತು. 1933ರಲ್ಲಿ ಅಣೆಕಟ್ಟು ಕೋಡಿ ಬಿದ್ದಾಗ ಅವರಿಗೆ ಎಂಟೋ ಒಂಬತ್ತೋ ವರ್ಷ. ಎತ್ತಿನ ಗಾಡಿಯಲ್ಲಿ ಬುತ್ತಿ ಕಟ್ಟಿಕೊಂಡು ಮನೆಯವರೊಡನೆ ನೋಡಲು ಹೋದದ್ದನ್ನು ಅವರು ಮೊಮ್ಮಗಳ ಮೊಬೈಲಿನ ಮುಂದೆ ಹೇಳಿದ್ದರು. ಕೋಡಿಯ ನೀರಿನ ಸದ್ದನ್ನು ಯಾವುದಕ್ಕೋ ಹೋಲಿಸಿದ್ದರು. ನಾವೆಲ್ಲರೂ ಅದನ್ನು ಕೇಳಿ ನಕ್ಕಿದ್ದೆವು. ಯಾವುದಕ್ಕೆ ಹೋಲಿಸಿದರು ಎಂಬುದು ಈಗ ನನಗೆ ನೆನಪಿಲ್ಲ, ಅವಳಿಗೂ ನೆನಪಿಲ್ಲ.

ಚಿತ್ರ ಮುಗಿದಾಗ ಎಲ್ಲರಿಗೂ ಸಂಭ್ರಮ. ಕೊಂಡಿಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು. ‘ಅಂತರಜಾಲದಲ್ಲಿ ಇದೆಯಲ್ಲ, ಇನ್ನೇನು ಭಯ’ ಎಂಬ ಭಾವನೆ. ಮೊಬೈಲಿನ ಮೆಮೊರಿ ಕಾರ್ಡಿನಲ್ಲಿ ಜಾಗ ಸಾಲದೆಂದು ಮೂಲ ಧ್ವನಿಯನ್ನು ಅಳಿಸಲು ಹೇಳಿದವನು ನಾನೇ. ಕೆಲವು ವರ್ಷಗಳ ನಂತರ ಆ ತಾಣ ಮುಚ್ಚಿತು. ಮುಚ್ಚುವ ಮೊದಲು ಎಚ್ಚರಿಕೆಯ ಅಂಚೆ ಬಂದಿತ್ತಂತೆ. ನಾನು ಆ ಚಿತ್ರಕ್ಕಾಗಿಯೇ ತೆರೆದು ಮರೆತುಬಿಟ್ಟಿದ್ದ ವಿಳಾಸಕ್ಕೆ. ಅಷ್ಟರಲ್ಲಿ ಅಜ್ಜನೂ ತೀರಿಕೊಂಡಿದ್ದರು.

ಇದು ನಮ್ಮೊಬ್ಬರ ಅನುಭವವಲ್ಲ. ಜನಸಾಮಾನ್ಯರು ಸ್ವಂತ ಪುಟಗಳನ್ನು ಕಟ್ಟಿಕೊಂಡಿದ್ದ ಜಿಯೋಸಿಟೀಸ್ ಜಪಾನ್ ಹೊರತು ಉಳಿದೆಡೆ 2009ರ ಅಕ್ಟೋಬರ್‌ನಲ್ಲಿ ಮುಚ್ಚಿತು. ನಿಮ್ಮಲ್ಲಿ ಅನೇಕರು ಕಾಲೇಜು ದಿನಗಳಲ್ಲಿ ಫೋಟೋಗಳನ್ನು ತುಂಬಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಕಣ್ಮರೆಯಾಯಿತು. ಅಸಂಖ್ಯ ಶೈಕ್ಷಣಿಕ ಚಲನಚಿತ್ರಗಳಿಗೂ ಆಟಗಳಿಗೂ ಆಧಾರವಾಗಿದ್ದ ಫ್ಲ್ಯಾಶ್ ತಂತ್ರಾಂಶಕ್ಕೆ 2020ರ ಡಿಸೆಂಬರ್ 31 ಕೊನೆಯ ದಿನವಾಯಿತು. ಅದೇ ವರ್ಷದ ಜೂನ್ 29ರಂದು ಭಾರತ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಟಿಕ್‌ಟಾಕ್ ಕೂಡ ಹೋಯಿತು. ನಮ್ಮ ಹಳ್ಳಿಗಳ ಎಷ್ಟೋ ಹುಡುಗ-ಹುಡುಗಿಯರು ಹಾಡು, ಹಾಸ್ಯ, ಅಭಿನಯಗಳನ್ನು ಮೊದಲ ಬಾರಿಗೆ ಜೋಡಿಸಲು ಕಲಿತದ್ದು ಅಲ್ಲಿಯೇ. ನಿಷೇಧದ ಸರಿ-ತಪ್ಪು ಇಲ್ಲಿಯ ವಿಷಯವಲ್ಲ. ಮೂಲ ಪ್ರತಿ ಇಟ್ಟುಕೊಳ್ಳದವರ ಪಾಲಿಗೆ ಕೆಲಸ ಕೈಗೆಟುಕದೆ ಹೋಯಿತು ಎಂಬುದಷ್ಟೇ ನನ್ನ ಮಾತು. ಉಚಿತ ತಾಣವೆಂಬುದು ಬಾಡಿಗೆಯಿಲ್ಲದ ಬಾಡಿಗೆ ಮನೆ. ಮಾಲೀಕ ಬೀಗ ಹಾಕಿದ ದಿನ ಸಾಮಾನು ಒಳಗೇ ಉಳಿಯುತ್ತದೆ.

ಉಳಿದುಕೊಂಡ ಉದಾಹರಣೆಯೂ ಇದೆ. ಫ್ಲ್ಯಾಶ್‌ನ ಆಧಾರದಲ್ಲಿಯೇ 2013ರಲ್ಲಿ ಅಂತರಜಾಲಕ್ಕೆ ಬಂದಿದ್ದ ಸ್ಕ್ರ್ಯಾಚ್, ಅದರ ಅಂತ್ಯ ಸಮೀಪಿಸುತ್ತಿದೆ ಎಂದು ಅರಿತು 2019ರ ಜನವರಿಯಲ್ಲಿ ಹೊಸ ತಳಹದಿಗೆ ಬದಲಾಯಿತು. ಮಕ್ಕಳು ಹಿಂದೆ ಮಾಡಿದ ಕೆಲಸಗಳೂ ಅದರೊಡನೆ ದಾಟಿಬಂದವು. ಮುಂದಾಲೋಚನೆ ಇದ್ದಲ್ಲಿ ಬದಲಾವಣೆ ನಾಶವಾಗಬೇಕಿಲ್ಲ.

ನನಗೆ ಈ ಬುದ್ಧಿ ಬಂದದ್ದು ಸ್ವಲ್ಪ ತಡವಾಗಿ. ನಿವೃತ್ತಿಯ ಹೊಸ್ತಿಲಲ್ಲಿದ್ದಾಗ ‘ವಿಷಯ ಶಿಕ್ಷಕರ ವೇದಿಕೆ’ ಎಂಬ ತರಬೇತಿಗೆ ಹೋಗುವ ಅವಕಾಶ ದೊರೆಯಿತು. ರಾಜ್ಯದ ಶಿಕ್ಷಣ ಇಲಾಖೆಯ ಡಿ.ಎಸ್.ಇ.ಆರ್.ಟಿ.ಯು ಐಟಿ ಫಾರ್ ಚೇಂಜ್ ಸಂಸ್ಥೆಯ ಸಹಯೋಗದಲ್ಲಿ 2011ರ ಸುಮಾರಿಗೆ ಆರಂಭಿಸಿದ ಕಾರ್ಯಕ್ರಮ ಅದು. ಯಾರೋ ಮಾಡಿದ ಸಿ.ಡಿ. ತೋರಿಸುವುದಲ್ಲ, ಶಿಕ್ಷಕರೇ ಪಾಠಸಾಮಗ್ರಿ ತಯಾರಿಸಬೇಕು ಎಂಬುದು ಅದರ ತತ್ತ್ವ. ಐವತ್ತು ದಾಟಿದ ನಾವು ಉಬುಂಟು, ಜಿಯೋಜೀಬ್ರಾ, ಆಡಾಸಿಟಿಗಳ ಮುಂದೆ ಒಂದನೆಯ ತರಗತಿಯ ಮಕ್ಕಳಂತೆ ಕುಳಿತೆವು. ಹಾಗೆ ತಯಾರಾದ ಸಾಮಗ್ರಿಗಳಿಗಾಗಿ 2013ರಲ್ಲಿ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಭಂಡಾರ ರೂಪುಗೊಂಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರವೂ ರಾಷ್ಟ್ರಮಟ್ಟದಲ್ಲಿ ಅಂತಹದೇ ಭಂಡಾರವನ್ನು ತೆರೆಯಿತು.

‘ಕ್ರಿಯೇಟಿವ್ ಕಾಮನ್ಸ್’ ಎಂಬ ಪರವಾನಗಿಯ ಮಾತು ನನ್ನ ಕಿವಿಗೆ ಬಿದ್ದದ್ದು ಅಲ್ಲಿಯೇ. ಈ ಭಂಡಾರಗಳು ಬಳಸುವ ಬಗೆಯ ಪರವಾನಗಿಯ ತಿರುಳು ಸರಳ: ನನ್ನ ಕೆಲಸವನ್ನು ನಕಲು ಮಾಡಿ, ಬದಲಿಸಿ, ಹಂಚಿ; ಆದರೆ ನನ್ನ ಹೆಸರನ್ನು ಹೇಳಿ, ಮತ್ತು ನೀವು ಮಾಡಿದ್ದನ್ನೂ ಇದೇ ರೀತಿ ಇತರರಿಗೆ ಬಿಟ್ಟುಕೊಡಿ. ಅಲ್ಲಿಯವರೆಗೆ ಅಂತರಜಾಲದಲ್ಲಿ ಕಂಡ ಚಿತ್ರವನ್ನೆಲ್ಲ ಮಕ್ಕಳಿಂದ ಎತ್ತಿಕೊಳ್ಳಿಸುತ್ತಿದ್ದ ನನಗೆ ಅದು ನಾಚಿಕೆಯನ್ನೂ ಅರಿವನ್ನೂ ತಂದಿತು. ನಕಲು ಎಂಬ ಪದವನ್ನು ಪರೀಕ್ಷೆಯ ಕೊಠಡಿಯಲ್ಲಿ ಮಾತ್ರ ಬಳಸಿದ್ದ ಮೇಷ್ಟ್ರಿಗೆ, ನಕಲು ಮಾಡಿದ್ದೇ ಉಳಿಯುತ್ತದೆ ಎಂಬ ಸತ್ಯವೂ ಅಲ್ಲಿ ಹೊಳೆಯಿತು.

ಈ ಸತ್ಯ ನಮ್ಮ ಜಿಲ್ಲೆಗೆ ಹೊಸದೇನೂ ಅಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ ಎಂದು ನಿಮಗೆಲ್ಲ ಪಾಠ ಮಾಡಿದ್ದೇನೆ. ಬಿ.ಎಲ್. ರೈಸ್ ಅವರು 1892ರಲ್ಲಿ ಅದನ್ನು ಬೆಳಕಿಗೆ ತಂದರು. ಆಗ ನಾನು ಒತ್ತಿ ಹೇಳದೆ ಬಿಟ್ಟಿದ್ದ ಎರಡು ಸಂಗತಿಗಳನ್ನು ಈಗ ಹೇಳುತ್ತೇನೆ. ಒಂದು, ಅದೇ ಶಾಸನ ಅಲ್ಲಿ ಒಂದೇ ಕಡೆ ಇಲ್ಲ. ಹತ್ತಿರದ ಸಿದ್ದಾಪುರದಲ್ಲಿಯೂ ಜಟಿಂಗ ರಾಮೇಶ್ವರ ಬೆಟ್ಟದಲ್ಲಿಯೂ ಇದೆ. ಮೂರು ಪ್ರತಿ! ಜಟಿಂಗ ರಾಮೇಶ್ವರದ ಪ್ರತಿ ಬಹಳ ಸವೆದಿದೆ. ಅಲ್ಲಿ ಅಳಿಸಿದ್ದನ್ನು ತಿಳಿಯಲು ಉಳಿದ ಪ್ರತಿಗಳೇ ಆಧಾರ. ಎರಡು, ಅದನ್ನು ಬರೆದ ಲಿಪಿಕಾರ ಚಪಡ ಕೊನೆಯಲ್ಲಿ ತನ್ನ ಹೆಸರನ್ನು ದಾಖಲಿಸಿದ್ದಾನೆ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೆ ‘ಲಿಪಿಕರೇಣ’ ಎಂಬ ಒಂದು ಪದವನ್ನು ಮಾತ್ರ ವಾಯವ್ಯ ದಿಕ್ಕಿನ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ, ಬರೆದಿದ್ದಾನೆ. ಸಾಮ್ರಾಟನ ಆಜ್ಞೆಯ ಜೊತೆಗೆ ಗುಮಾಸ್ತನೊಬ್ಬನ ಹೆಸರೂ ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷ ಉಳಿದದ್ದು ಹೀಗೆ.

ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಶಾಸನವನ್ನು 1929ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರು ಓದಿದರು. ಕೆರೆಯ ವಿಷಯ ಹೇಳುವ ಮೂರೇ ಸಾಲುಗಳ ಪ್ರಾಕೃತ ಶಾಸನ ಅದು. ನಾಲ್ಕನೆಯ ಶತಮಾನದ ಕೆರೆಯೊಂದರ ಮಾತು ಬಂಡೆಯ ಮೇಲೆ ಉಳಿದಿದೆ. 2010ರಲ್ಲಿ ನಾವು ಕೆರೆಯೊಂದರ ಬಗ್ಗೆ ಹೇಳಿದ ಮಾತು ಹತ್ತು ವರ್ಷವೂ ಉಳಿಯಲಿಲ್ಲ. ಬಂಡೆ ಗಟ್ಟಿ, ಪರದೆ ಟೊಳ್ಳು ಎಂದು ಇದಕ್ಕೆ ಅರ್ಥವಲ್ಲ. ಒಡೆದುಹೋದ ಬಂಡೆಗಳೂ ಬೇಕಾದಷ್ಟಿವೆ. ಚಪಡನ ಕಾಲದವರು ಮೂರು ಕಡೆ ಬರೆದರು, ಬರೆದವನ ಹೆಸರು ಹಾಕಿದರು. ನಾವು ಒಂದೇ ಕಡೆ ಇಟ್ಟೆವು, ಹೆಸರು, ದಿನಾಂಕ ಯಾವುದನ್ನೂ ಹಾಕಲಿಲ್ಲ.

2022ರಲ್ಲಿ ಮಾರಿಕಣಿವೆ ಕೋಡಿ ಬಿದ್ದಾಗ ಜನ ತೆಗೆದ ವಿಡಿಯೋಗಳಿಗೆ ಲೆಕ್ಕವಿಲ್ಲ. 2025ರ ಜನವರಿಯಲ್ಲಿ ಮತ್ತೆ ಕೋಡಿ ಹರಿಯಿತು, ಮತ್ತಷ್ಟು ವಿಡಿಯೋಗಳಾದವು. 1933ರಲ್ಲಿ ಊರಿನ ಸಾಮಾನ್ಯರ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ, ಆದುದರಿಂದ ಅಜ್ಜನ ನೆನಪೇ ದಾಖಲೆಯಾಗಿತ್ತು. ಈಗ ಪ್ರತಿಯೊಬ್ಬರ ಕೈಯಲ್ಲಿಯೂ ಕ್ಯಾಮೆರಾ ಇದೆ. ಆದರೆ ಇನ್ನು ಎಂಬತ್ತು ವರ್ಷಗಳ ಮೇಲೆ ಯಾವುದಾದರೂ ಮೊಮ್ಮಗಳು ಹುಡುಕಿದರೆ ಅವುಗಳಲ್ಲಿ ಎಷ್ಟು ಸಿಗಬಹುದು? ಫೋನಿನಿಂದ ಫೋನಿಗೆ ಹಾರಿದ ವಿಡಿಯೋದಲ್ಲಿ ತೆಗೆದವರು ಯಾರು, ಯಾವ ದಿನ, ಯಾವ ಬದಿಯಿಂದ ಎಂಬುದೊಂದೂ ಇಲ್ಲ. ಬೇರೊಂದು ಅಣೆಕಟ್ಟಿನ ನೀರನ್ನು ನಮ್ಮದೆಂದು ತೋರಿಸಿದರೂ ಗೊತ್ತಾಗದು.

ಆದ್ದರಿಂದ ನಿಮ್ಮಲ್ಲಿ, ವಿಶೇಷವಾಗಿ ಈಗ ತಂದೆ-ತಾಯಿಗಳಾಗಿರುವ ನನ್ನ ವಿದ್ಯಾರ್ಥಿಗಳಲ್ಲಿ, ನಾಲ್ಕು ಮಾತು. ಮಕ್ಕಳು ಆನ್‌ಲೈನ್ ಸಾಧನಗಳಲ್ಲಿ ಚಿತ್ರ, ವಿಡಿಯೋ, ಧ್ವನಿಕಥೆ ಮಾಡುತ್ತಿದ್ದರೆ ತಡೆಯಬೇಡಿ, ಕುಳಿತು ನೋಡಿ. ಮುಗಿದ ಕೆಲಸವನ್ನೂ ಅದಕ್ಕೆ ಬಳಸಿದ ಮೂಲ ಫೋಟೋ, ಮೂಲ ಧ್ವನಿಗಳನ್ನೂ ಕೆಳಗಿಳಿಸಿ ಮೂರು ಕಡೆ ಇಡಿಸಿ. ಅವುಗಳಲ್ಲಿ ಒಂದು ಮನೆಯ ಹೊರಗಿರಲಿ. ಎಲ್ಲ ಯಂತ್ರಗಳಲ್ಲಿಯೂ ತೆರೆಯುವ ಸಾಮಾನ್ಯ ರೂಪದಲ್ಲಿ, ಕನ್ನಡವಾದರೆ ಯೂನಿಕೋಡಿನಲ್ಲಿ ಇರಲಿ. ಮಾಡಿದವರ ಹೆಸರು, ಮಾತನಾಡಿದವರ ಹೆಸರು, ಊರು, ದಿನಾಂಕಗಳನ್ನು ಚಿತ್ರದ ಕೊನೆಯಲ್ಲಿಯೂ ಒಂದು ಕಾಗದದ ಮೇಲೆಯೂ ಬರೆಸಿ. ಇತರರ ಚಿತ್ರವನ್ನೋ ಹಾಡನ್ನೋ ಬಳಸಿದರೆ ಒಪ್ಪಿಗೆ ಇದೆಯೇ ನೋಡಿ, ಅವರ ಹೆಸರನ್ನೂ ಬರೆಯಿರಿ. ಹೊಳಲ್ಕೆರೆಯಲ್ಲಿ ಚಿಕ್ಕಜಾಜೂರು ಜಂಕ್ಷನ್ನಿನ ಹಳೆಯ ದಿನಗಳನ್ನು ಬಲ್ಲವರಿದ್ದಾರೆ. ಹೊಸದುರ್ಗದ ಕಡೆ ಸೋಬಾನೆ ಹೇಳುವ ಅಜ್ಜಿಯರಿದ್ದಾರೆ. ಸಾಧನಗಳು ಇಂದು ಒಂದಿರುತ್ತವೆ, ನಾಳೆ ಇನ್ನೊಂದು. ಅಜ್ಜಿಯರು ಹಾಗಲ್ಲ.

ಕೊನೆಯದಾಗಿ ಒಂದು ವಿಷಯ. ಆ ಹುಡುಗಿ ಕರೆ ಮಾಡಿದ ಕೆಲವು ತಿಂಗಳ ನಂತರ ತವರಿನ ಟ್ರಂಕಿನಲ್ಲಿ ತನ್ನ ಹಳೆಯ ನೋಟ್‌ಬುಕ್ಕನ್ನು ಹುಡುಕಿ, ಚಿತ್ರದ ಸಂಭಾಷಣೆ ಬರೆದಿದ್ದ ಎರಡು ಪುಟಗಳ ಫೋಟೋ ಕಳುಹಿಸಿದಳು. ಒಂಬತ್ತನೆಯ ತರಗತಿಯ ದುಂಡು ಅಕ್ಷರ, ಎಲ್ಲವೂ ಸ್ಪಷ್ಟ. ಫೋಟೋ ಒಂದು, ಫೋಟೋ ಎರಡು ಎಂದು ಕ್ರಮವಾಗಿ ಬರೆದು, ಎದುರಿಗೆ ಹೇಳಬೇಕಾದ ಮಾತು. ಹದಿನಾಲ್ಕನೆಯ ಫೋಟೋದ ಎದುರಿಗೆ ಮಾತ್ರ ಹೀಗಿದೆ: ‘ಇಲ್ಲಿ ಅಜ್ಜನ ಮಾತು. 40 ಸೆಕೆಂಡು.’

ಅಷ್ಟೇ ಉಳಿದಿರುವುದು. ನಿಮ್ಮ ಮನೆಗಳಲ್ಲಿ ಆ ನಲವತ್ತು ಸೆಕೆಂಡು ಖಾಲಿಯಾಗದಿರಲಿ ಎಂದು ಹಾರೈಸುತ್ತೇನೆ. ಅಂದಿನ ಐವರಲ್ಲಿ ಯಾರ ಬಳಿಯಾದರೂ ಹಳೆಯ ಸಿ.ಡಿ.ಯೋ ಪೆನ್‌ಡ್ರೈವೋ ಇದ್ದರೆ ದಯವಿಟ್ಟು ಒಮ್ಮೆ ತೆರೆದು ನೋಡಿ.

ಎಲ್ಲರಿಗೂ ಶುಭವಾಗಲಿ.

ಇಂತಿ,
ನಿಮ್ಮ ಪ್ರೀತಿಯ ಮೇಷ್ಟ್ರು